ಡಿಕ್ಕಿಯ ಮೇಲೊಂದು ಸೈಕಲ್

ಅಣ್ಣನ ಎಂಬತ್ತನೇ ಹುಟ್ಟುಹಬ್ಬದ ಊಟಕ್ಕೆ ತಾನು ಸೈಕಲ್ ತುಳಿದುಕೊಂಡೇ ಹೋಗುವುದೆಂದು ಮಾಲ್ಜಾ ಅಜ್ಜಿ ಸಾರಿದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಮಗ ಜೊಂಗ್ತೆಯ ಬಾಯಲ್ಲಿ ಹುರಿದ ಬಂಗುಡೆಯ ತುಂಡಿತ್ತು. ಅವನು ಅಗಿಯುವುದನ್ನು ನಿಲ್ಲಿಸಿದ.

"ಈ ಜೊಂಜು ಪೇಟೆಯಿಂದ ಸೊಮ್ಜಿನ್ ನದಿ ದಡದ ಮಾವನ ಊರ ತನಕ ಸೈಕಲ್ಲಲ್ಲಾ? ಅಮ್ಮ, ಮಧ್ಯೆ ಬೆಟ್ಟ ಇದೆ!"

"ಬೆಟ್ಟ ಇರೋದು ನಂಗೆ ಗೊತ್ತಿಲ್ವೇನೋ? ಆ ಬೆಟ್ಟ ದಾಟೇ ನಿಮ್ಮಪ್ಪನ ಮನೆಗೆ ಸೊಸೆಯಾಗಿ ಬಂದಿದ್ದು. ನದಿ ತನಕ ನಿನ್ನ ಕಾರಲ್ಲೇ ಬರ್ತೀನಿ. ಸೈಕಲ್ಲೂ ನಿನ್ನ ಕಾರಲ್ಲೇ ಬರತ್ತೆ. ಸೇತುವೆ ಹತ್ರ ಇಬ್ಬರನ್ನೂ ಇಳಿಸ್ಬಿಡು. ಅಲ್ಲಿಂದ ಮುಂದೆ ನಾನುಂಟು, ನದಿ ಏರಿ ಉಂಟು."

"ನನ್ನ ಕಾರಲ್ಲಿ ಸೈಕಲ್ಲಾ?" ಎಂದ ಜೊಂಗ್ತೆ. ಅಮ್ಮ ಬೀಳುತ್ತಾಳೆಂಬ ಭಯ ಆಮೇಲೆ ಬಂತು, ಕಾರಿನ ಭಯ ಮೊದಲು ಬಂತು. ಇದನ್ನು ಅವನ ಹೆಂಡತಿ ಮಿರಾನ್ ಗಮನಿಸಿದಳು. ಗಮನಿಸಿದ್ದನ್ನು ಹೇಳದೆ ಸುಮ್ಮನಿರುವ ಪೈಕಿ ಅವಳಲ್ಲ.

"ಅಮ್ಮನ ಸೊಂಟ ಮುರಿದ್ರೆ ಪರವಾಗಿಲ್ಲ, ಕಾರಿಗೆ ಗೀರು ಬೀಳ್ಬಾರ್ದು ಅಲ್ವಾ ದಾನ್ಬಿ ಅಪ್ಪ?"

ಮಗಳು ದಾನ್ಬಿ ಅನ್ನದ ಬಟ್ಟಲಿಗೆ ಮುಖ ಹುದುಗಿಸಿ ನಕ್ಕಳು.

ಮಾಲ್ಜಾಗೆ ಎಪ್ಪತ್ತು ದಾಟಿತ್ತು. ಸೈಕಲ್ ಕಲಿತದ್ದು ಹಿಂದಿನ ಶರತ್ಕಾಲದಲ್ಲಿ, ಹೊಳೆಯ ಪಕ್ಕದ ಮೈದಾನದಲ್ಲಿ ನಗರಸಭೆಯವರು ಹೆಂಗಸರಿಗಾಗಿ ಪುಕ್ಕಟೆ ನಡೆಸುವ ತರಗತಿಯಲ್ಲಿ. ಮೊದಲು ಮಂಡಿ ಕೆತ್ತಿಸಿಕೊಂಡು ಬಂದಳು, ಆಮೇಲೆ ಮೊಣಕೈ. ಮಿರಾನ್ ಮುಲಾಮು ಹಚ್ಚುತ್ತಾ, "ಸಾಕು ಬಿಡಿ ಅತ್ತೆ" ಎಂದರೆ, "ಇನ್ನು ಕೆತ್ತೋಕೆ ಚರ್ಮ ಉಳಿದಿಲ್ಲ, ಕಲಿಯೋದೊಂದೇ ಬಾಕಿ" ಎಂದಿದ್ದಳು. ಈಗ ದಿನಾ ಬೆಳಿಗ್ಗೆ ತನ್ನ ಕೆಂಪು ಸೈಕಲ್ಲಿನಲ್ಲಿ ಸಂತೆಗೆ ಹೋಗಿ, ಮುಂದಿನ ಬುಟ್ಟಿಯಲ್ಲಿ ತೋಫು, ಮೊಳಕೆಕಾಳು ಹಾಕಿಕೊಂಡು ಬರುತ್ತಾಳೆ. ದಾರಿಯಲ್ಲಿ ಯಾರೂ ಅಡ್ಡ ಇಲ್ಲದಿದ್ದರೂ ಗಂಟೆ ಬಾರಿಸುತ್ತಾಳೆ.

ಅವಳು ಹುಡುಗಿಯಾಗಿದ್ದಾಗ ಊರಿಗೆಲ್ಲ ಇದ್ದದ್ದು ಒಂದೇ ಸೈಕಲ್, ಅದು ಅಣ್ಣ ಮಾನ್ಬೊಕ್‌ನದು. ಅವನು ಅದನ್ನೇರಿ ನದಿಯ ಏರಿಯ ಮೇಲೆ ಶಾಲೆಗೆ ಹೋಗುತ್ತಿದ್ದ. ಇವಳು ಅವನ ಬುತ್ತಿ ಹಿಡಿದು ಹಿಂದೆ ಓಡುತ್ತಿದ್ದಳು. ಒಮ್ಮೆ ಹತ್ತಲು ಹೋಗಿ ಅಣ್ಣನಿಂದ ಬೈಸಿಕೊಂಡು, ಸಾಲದ್ದಕ್ಕೆ ಅಪ್ಪನಿಂದ ಹೊಡೆಸಿಕೊಂಡಿದ್ದಳು. ಈಗ ಅದೇ ಏರಿಯ ಮೇಲೆ ನುಣ್ಣನೆಯ ಸೈಕಲ್ ದಾರಿ ಆಗಿದೆ. ಆ ದಾರಿಯಲ್ಲಿ ತುಳಿದುಕೊಂಡು ಹೋಗಿ, ಅಣ್ಣನ ಕಣ್ಣೆದುರಿಗೇ ತವರಿನ ಅಂಗಳದಲ್ಲಿ ಇಳಿಯಬೇಕು. ಬೇರೇನೂ ಬೇಡ ಅವಳಿಗೆ. ಆಸೆ ಎಂದರೆ ಸಣ್ಣ ಮಾತಾದೀತು, ಅದು ಹಠ.

ಇತ್ತ ಜೊಂಗ್ತೆಯ ಸಂಕಟವನ್ನೂ ಹೇಳಬೇಕು. ಅವನು ಸಿಟಿ ಬಸ್ ಡ್ರೈವರ್. ಮದುವೆಗೆ ಮುಂಚಿನಿಂದ ಊರಿನವರನ್ನೆಲ್ಲ ಹೊತ್ತು ತಿರುಗಿದವನು ಸ್ವಂತಕ್ಕೊಂದು ಹೊಸ ಕಾರು ಕೊಂಡಿದ್ದು ಈ ಚಳಿಗಾಲದಲ್ಲಿ. ಬಿಳಿ ಬಣ್ಣ, ಮುತ್ತಿನ ಹೊಳಪು. ಸೀಟುಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಬಾಗಿಲುಗಳ ಅಂಚಿಗೆ ಕಾರ್ಖಾನೆಯವರು ಅಂಟಿಸಿದ್ದ ನೀಲಿ ಸ್ಪಂಜು ಹಾಗೇ ಇದೆ. ಒಳಗೆ ಯಾರೂ ಏನೂ ತಿನ್ನಕೂಡದು. ದಾನ್ಬಿ ಒಮ್ಮೆ ಆಕಳಿಸಿದ್ದಕ್ಕೆ ಕಿಟಕಿ ಇಳಿಸಿದ ಪುಣ್ಯಾತ್ಮ ಅವನು.

ಮೊದಲು ಸೈಕಲ್ಲನ್ನು ಡಿಕ್ಕಿಯ ಒಳಗೇ ತುರುಕಿ ನೋಡಿದರು. ಮುಂದಿನ ಚಕ್ರ ಕಳಚಿದರೂ ಮುಚ್ಚಳ ಮುಚ್ಚಲಿಲ್ಲ. ಭಾನುವಾರ ನಾಲ್ವರೂ ಹೊಳೆ ಬೀದಿಯ ಸೈಕಲ್ ಅಂಗಡಿಗೆ ಹೋದರು. ಅಂಗಡಿಯಾಕೆ ಕಾರನ್ನು ಒಂದು ಸುತ್ತು ಹಾಕಿ, ಮೂರು ದಾರಿಯಿದೆ ಎಂದಳು. ಕಾರಿನ ನೆತ್ತಿಯ ಮೇಲೆ ಕಟ್ಟುವುದು ಒಂದು.

"ನೆತ್ತಿ ಮೇಲೆ ಹತ್ತಿಸೋರು ಯಾರು? ಈ ತೋಳಲ್ಲಿ ನಂಗಾಗಲ್ಲಪ್ಪ" ಎಂದಳು ಮಾಲ್ಜಾ.

"ಅಲ್ದೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಬಾಗಿಲು ತಗ್ಗು" ಎಂದಳು ದಾನ್ಬಿ. "ಅಪ್ಪ ಮರೆತು ನುಗ್ಗಿಸಿದ್ರೆ ಸೈಕಲ್ ಆಚೆ, ಕಾರು ಈಚೆ."

"ಎರಡನೇದು, ಕಾರಿನಡಿಗೆ ಕಬ್ಬಿಣದ ಕೊಂಡಿ ಹಾಕಿಸಿ ಅದರ ಮೇಲೆ ನಿಲ್ಲಿಸೋದು. ಭದ್ರ ಅಂದ್ರೆ ಅದೇ."

"ಕೊಂಡಿ ಹಾಕ್ಸೋಕೆ ನಂದೇನು ಟ್ರ್ಯಾಕ್ಟರಾ?" ಎಂದ ಜೊಂಗ್ತೆ.

ಮೂರನೆಯದು ಡಿಕ್ಕಿಯ ಮೇಲೆ ಕೂರುವ ರ್ಯಾಕ್. ಎರಡು ತೋಳು, ಅವುಗಳಿಗೆ ರಬ್ಬರ್ ಪಾದ, ಆರು ಪಟ್ಟಿ, ಪಟ್ಟಿಯ ತುದಿಗೆ ಕೊಕ್ಕೆ. ಕೊಕ್ಕೆಗಳನ್ನು ಡಿಕ್ಕಿ ಮುಚ್ಚಳದ ಅಂಚಿಗೆ ಸಿಕ್ಕಿಸಿ ಬಿಗಿದರೆ ಸರಿ, ಬೇಡವಾದಾಗ ಬಿಚ್ಚಿ ಮನೆಯೊಳಗೆ ಇಟ್ಟುಕೊಳ್ಳಬಹುದು. ಅಗ್ಗದ್ದೂ ಇತ್ತು, ನಾಲ್ಕೇ ಪಟ್ಟಿಯದು. ಅಂಗಡಿಯಾಕೆ ಅದನ್ನು ಕೈಯಿಂದ ಅಲ್ಲಾಡಿಸಿ ತೋರಿಸಿದಳು. ಅದು ಅಲ್ಲಾಡಿದ್ದು ನೋಡಿ ಜೊಂಗ್ತೆಯ ಮುಖ ಬಿಳುಪೇರಿತು.

"ಪಟ್ಟಿ ಉಜ್ಜಿ ಬಣ್ಣ ಹೋಗಲ್ವಾ?"

"ಕೆಳಗೆ ಧೂಳಿದ್ರೆ ಹೋಗತ್ತೆ, ತೊಳೆದು ಒರೆಸಿ ಕಟ್ಟಿದ್ರೆ ಇಲ್ಲ. ಆದ್ರೆ ಅಜ್ಜಿ, ನಿಮ್ಮ ಸೈಕಲ್ ಎಂಥದ್ದು? ಮೇಲ್ಗಡೆ ಅಡ್ಡ ದಂಡ ಇದೆಯಾ?"

"ಇಲ್ಲಮ್ಮ, ಕಾಲೆತ್ತೋ ಹಾಗಿಲ್ಲ ಅಂತ ತಗ್ಗಿಂದೇ ತಗೊಂಡೆ."

"ಹಾಗಾದ್ರೆ ತೋಳಿಗೆ ತೂಗಾಕೋಕೆ ಹಿಡಿತ ಸಿಗಲ್ಲ. ಸೀಟಿನ ಕಂಬಕ್ಕೂ ಹ್ಯಾಂಡಲ್ಲಿಗೂ ಒಂದು ಅಡ್ಡ ಕೊಳವೆ ಸಿಕ್ಕಿಸ್ಬೇಕು, ಅದು ಬೇರೆ ಬರತ್ತೆ. ಇನ್ನೊಂದು, ಸೈಕಲ್ ನೇತಾಕಿದ್ರೆ ಕಾರಿನ ನಂಬರ್ ಮುಚ್ಚಿಹೋಗತ್ತೆ. ಸಾರಿಗೆ ಕಚೇರೀಲಿ ಇನ್ನೊಂದು ಫಲಕ ಮಾಡಿಸ್ಕೊಂಡು ರ್ಯಾಕಿನ ಹಿಂದೆ ಹಾಕ್ಬೇಕು."

ಜೊಂಗ್ತೆಗೆ ಬೇಕಾಗಿದ್ದು ಇಂಥದ್ದೇ ಒಂದು ನೆಪ. "ನೋಡಿದ್ಯಾ ಅಮ್ಮ? ಕಾನೂನು! ನಾನು ಡ್ರೈವರು. ನಂಬರ್ ಮುಚ್ಕೊಂಡು ಓಡಿಸಿ ಸಿಕ್ಕಿಬಿದ್ರೆ ಡಿಪೋದಲ್ಲಿ ಮುಖ ಎಲ್ಲಿಟ್ಕೊಳ್ಳಲಿ?" ಎಂದು ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಬರಿಗೈಯಲ್ಲಿ ಮನೆಗೆ ತಂದ.

ಅವತ್ತಿನಿಂದ ಮನೆಯಲ್ಲಿ ಯುದ್ಧ. ಮಾಲ್ಜಾ ಕೂಗಾಡಲಿಲ್ಲ. "ಹಾಗಾದ್ರೆ ನಾನು ಬರಲ್ಲ, ನೀವೇ ಹೋಗಿ ಉಂಡು ಬನ್ನಿ" ಎಂದಳು, ಅಷ್ಟೆ. ತವರಿನ ಅಣ್ಣನ ಎಂಬತ್ತರ ಊಟಕ್ಕೆ ಒಬ್ಬಳೇ ತಂಗಿ ಹೋಗದಿದ್ದರೆ ನೆಂಟರಿಷ್ಟರು ಏನೆಂದಾರು ಎಂದು ಜೊಂಗ್ತೆ ಒದ್ದಾಡಿದ. ಮಿರಾನ್ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ನೂರಾರು ಮಕ್ಕಳಿಗೆ ಬಗೆಬಗೆ ಮಾಡಿ ಹಾಕುವವಳು. ಮನೆಯಲ್ಲಿ ಮಾತ್ರ ಇಡೀ ವಾರ ಮೊಳಕೆಕಾಳಿನ ಸಾರು, ಮೊಳಕೆಕಾಳಿನ ಪಲ್ಯ, ಮೊಳಕೆಕಾಳು ಬೆರೆಸಿದ ಅನ್ನ.

"ಏನೇ ಇದು, ಮೀನಿಲ್ವಾ?"

"ಮೀನಿಗೆ ಸಂತೆಗೆ ಹೋಗ್ಬೇಕು. ಅತ್ತೆಗೆ ಮನಸ್ಸಿಗೆ ಸಮಾಧಾನ ಇಲ್ಲ, ಸೈಕಲ್ ಹತ್ತಿಲ್ಲ. ನೀವೇ ಹೋಗಿ ತನ್ನಿ ನಿಮ್ಮ ಕಾರಲ್ಲಿ. ಮೀನಿನ ವಾಸನೆ ಬರಲ್ಲ ಅಂದ್ರೆ."

ಈ ನಡುವೆ ಊರಿನಿಂದ ಅತ್ತಿಗೆ ಪಿಲ್ಸೂನಳ ಫೋನು ಬಂತು. ಮಾನ್ಬೊಕ್‌ನ ಹೆಂಡತಿ ಇವಳು, ಮಾಲ್ಜಾಗಿಂತ ಐದಾರು ವರ್ಷ ದೊಡ್ಡವಳು. ಕಿವಿ ಸ್ವಲ್ಪ ದೂರ, ಹಾಗಾಗಿ ಅವಳು ಮಾತಾಡಿದ್ದು ಇಡೀ ಮನೆಗೆ ಕೇಳಿಸಿತು.

"ಮಾಲ್ಜಾ, ನೀನು ಸೈಕಲ್ ತುಳೀತೀಯಂತೆ, ದಿಟವೇನೇ?"

"ದಿಟ ಅತ್ತಿಗೆ."

"ಕುಂಡಿ ನೋಯಾಕಿಲ್ವಾ?"

"ಮೊದಲು ನೋಯತ್ತೆ. ಆಮೇಲೆ ಗಾಳಿ ಬರತ್ತೆ ನೋಡಿ ಮುಖಕ್ಕೆ, ಎಲ್ಲ ಮರೆತುಹೋಗತ್ತೆ."

ಪಿಲ್ಸೂನ್, "ನಿಮ್ಮಣ್ಣಂಗೆ ಹೇಳಿಲ್ಲ ನಾನು. ತಕೊಂಡೇ ಬಾ, ನೋಡಾನ" ಎಂದು ಫೋನಿಟ್ಟಳು.

ನಿಜಕ್ಕೂ ಈ ಯುದ್ಧ ಗೆದ್ದದ್ದು ಮಿರಾನ್. ಯಾರಿಗೂ ಹೇಳದೆ ಮಧ್ಯಾಹ್ನ ಕೆಲಸ ಮುಗಿಸಿ ಸಾರಿಗೆ ಕಚೇರಿಗೆ ಹೋಗಿ, ಇನ್ನೊಂದು ನಂಬರ್ ಫಲಕಕ್ಕೆ ಬರೆದುಕೊಟ್ಟು, ಅದು ಸಿದ್ಧವಾದ ದಿನ ಊಟದ ಮೇಜಿನ ಮೇಲೆ ಸಾರಿನ ಬಟ್ಟಲಿನ ಪಕ್ಕಕ್ಕೆ ಇಟ್ಟಳು. ಜೊಂಗ್ತೆ ಬೈಯಲೆಂದು ಬಾಯಿ ತೆರೆದವನು ಫಲಕವನ್ನು ಕೈಗೆತ್ತಿಕೊಂಡ. ತನ್ನದೇ ಕಾರಿನ ನಂಬರು, ಒಂದು ಗೀರಿಲ್ಲ, ಥಳಥಳ ಹೊಳೆಯುತ್ತಿದೆ. ಅಂಗಿಯ ತೋಳಿನಿಂದ ಒರೆಸಿ ಬೆಳಕಿಗೆ ಹಿಡಿದ.

"ಚೆನ್ನಾಗಿ ಮಾಡಿದಾರಲ್ಲ" ಎಂದ.

"ಹಾಗಾದ್ರೆ ರ್ಯಾಕು?"

"ಆರು ಪಟ್ಟಿದು. ಅಗ್ಗದ್ದು ಬೇಡ."

ಮಾಲ್ಜಾ ಎದ್ದು ಹೋಗಿ ಫ್ರಿಜ್ಜಿನಿಂದ ಬಂಗುಡೆ ತೆಗೆದಳು. ಅದು ಬೆಳಿಗ್ಗೆಯೇ ಬಂದು ಕೂತಿತ್ತು.

ರ್ಯಾಕ್ ಮನೆಗೆ ಬಂದ ಮೇಲೆ ಜೊಂಗ್ತೆ ಬೇರೆಯೇ ಮನುಷ್ಯನಾದ. ರಜೆಯ ದಿನ ಬೆಳಿಗ್ಗೆ ಡಿಕ್ಕಿಯ ಮುಚ್ಚಳವನ್ನು ತೊಳೆದ, ಒರೆಸಿದ, ಮತ್ತೆ ತೊಳೆದ. ಹಳೆಯ ಕಂಬಳಿ ಕತ್ತರಿಸಿ ರಬ್ಬರ್ ಪಾದಗಳಿಗೆ ಕಾಲುಚೀಲ ಹೊಲಿಯಲು ಹೆಂಡತಿಗೆ ಹೇಳಿದ. ಸೂಚನೆಯ ಕಾಗದವನ್ನು ದಾನ್ಬಿ ಓದಬೇಕು, ಅವನು ಮಾಡಬೇಕು. ಆದರೆ ಅವಳು ಓದಿ ಮುಗಿಸುವಷ್ಟು ತಾಳ್ಮೆ ಅವನಿಗೆಲ್ಲಿ?

"ಅಪ್ಪ, ಕೆಳಗಿನ ಕೊಕ್ಕೆ ಬಂಪರಿಗಲ್ಲ, ಮುಚ್ಚಳದ ಕೆಳ ಅಂಚಿಗೆ."

"ಬಸ್ಸು ಓಡ್ಸೋನಿಗೆ ಹೇಳ್ಕೊಡ್ತೀಯಾ?"

ಬಂಪರಿಗೇ ಹಾಕಿ ಬಿಗಿದ. ಅಪಾರ್ಟ್‌ಮೆಂಟಿನ ಸುತ್ತ ಒಂದು ಸುತ್ತು ಹೋಗುವಷ್ಟರಲ್ಲಿ ರ್ಯಾಕು ಕುಡಿದವನಂತೆ ಎಡಕ್ಕೆ ವಾಲಿತ್ತು. ಕಾವಲುಗಾರ ಓಡಿಬಂದ. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಬಂದರು. ತರಕಾರಿ ಗಾಡಿಯವನು ಗಾಡಿ ನಿಲ್ಲಿಸಿ ಬಂದ. ಪ್ರತಿಯೊಬ್ಬರೂ ಒಂದೊಂದು ಪಟ್ಟಿ ಹಿಡಿದು ಒಂದೊಂದು ಕಡೆಗೆ ಎಳೆದರು. ಕೊನೆಗೆ ದಾನ್ಬಿ ಎಲ್ಲರನ್ನೂ ಸರಿಸಿ ಕಾಗದದಲ್ಲಿ ಇದ್ದಂತೆ ಕೊಕ್ಕೆ ಹಾಕಿ, ಮೇಲಿನ ಪಟ್ಟಿ ಮೊದಲು, ಕೆಳಗಿನದು ಆಮೇಲೆ, ಪಕ್ಕದ್ದು ಕೊನೆಗೆ ಬಿಗಿದಳು. ಉಳಿದ ಪಟ್ಟಿಯ ತುದಿ ಗಾಳಿಗೆ ಬಡಿಯದಂತೆ ಸುತ್ತಿ ಕಟ್ಟಿದಳು. ಜೊಂಗ್ತೆ ರ್ಯಾಕನ್ನು ಹಿಡಿದು ಜಗ್ಗಿದ. ಕಾರೇ ಅಲ್ಲಾಡಿತು, ರ್ಯಾಕು ಅಲ್ಲಾಡಲಿಲ್ಲ.

"ನಾನೂ ಇದನ್ನೇ ಹೇಳಿದ್ದು" ಎಂದ.

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅತ್ತೆ ಸೊಸೆಯರ ಸರದಿ. ಮಾಲ್ಜಾ ಎಳೆ ಮೂಲಂಗಿ ಸೊಪ್ಪಿನ ಕಿಮ್ಚಿ ಮಾಡಿದ್ದಳು, ನೀರುನೀರಾಗಿ, ಹುಳಿ ಬರುವ ಹದಕ್ಕೆ. ಬೇಸಿಗೆಯ ಸೆಕೆಗೆ ಅದರ ತಣ್ಣನೆಯ ರಸ ಕುಡಿದರೆ ಹೊಟ್ಟೆಗೆ ಹಿತ, ಅಣ್ಣನಿಗೂ ಪ್ರಾಣ. ದೊಡ್ಡ ಡಬ್ಬಿಗೆ ಸುರಿಯುತ್ತಾ ಕಂಠದ ತನಕ ತುಂಬಿಸಿದಳು.

"ಅತ್ತೆ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಸೆಕೆಗೆ ಹುಳಿ ಬಂದು ಉಕ್ಕತ್ತೆ."

"ತವರಿಗೆ ಖಾಲಿ ಕಾಣೋ ಡಬ್ಬಿ ಹೊತ್ಕೊಂಡು ಹೋಗೋದಾ? ಕೈ ಹಿಡಿದು ತುಂಬಿದಾಳೆ ಅಂತ ಆಡ್ಕೊಳಲ್ವಾ?"

"ಆಡ್ಕೊಳ್ಳೋರು ಯಾರು, ಪಿಲ್ಸೂನ್ ಅತ್ತೆನಾ? ಪಾಪ, ಅವರಿಗೆ ಆಡ್ಕೊಳ್ಳೋಕೆ ಬರತ್ತಾ?"

"ನಿಂಗೊತ್ತಿಲ್ಲ ಸುಮ್ನಿರು. ಮುಚ್ಚಳ ಒತ್ತು."

ಇಬ್ಬರೂ ಸೇರಿ ಮುಚ್ಚಳ ಒತ್ತಿದರು. ಮಿರಾನ್ ಅದನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಗಂಟು ಹಾಕಿದಳು.

ಬೆಳಿಗ್ಗೆ ಡಿಕ್ಕಿಯೊಳಗೆ ಕಿಮ್ಚಿ ಡಬ್ಬಿ, ಅಕ್ಕಿ ಹಿಟ್ಟಿನ ಸಿಹಿ ಕಡುಬಿನ ಪೆಟ್ಟಿಗೆ, ಅಣ್ಣನಿಗೆ ಹೊಸ ಅಂಗಿ ಇಟ್ಟು ಮುಚ್ಚಿದರು. ಅದರ ಮೇಲೆ ರ್ಯಾಕು. ರ್ಯಾಕಿನ ಮೇಲೆ ಮಾಲ್ಜಾಳ ಕೆಂಪು ಸೈಕಲ್, ಅದಕ್ಕೆ ತಾಗದಂತೆ ನಡುವೆ ಹಳೆ ಟವಲ್ ಇಟ್ಟು ದಾನ್ಬಿಯ ಸೈಕಲ್. ಹಿಂದೆ ಹೊಸ ಫಲಕ. ಅಜ್ಜಿಗೆ ಜೊತೆಯಾಗಿ ಏರಿಯ ಮೇಲೆ ತಾನೂ ತುಳಿಯುವುದೆಂದು ದಾನ್ಬಿ ಮಾತು ಕೊಟ್ಟಿದ್ದಳು.

ಬೆಟ್ಟದ ಸುರಂಗ ದಾಟಿ ಬಯಲು ಕಾಣುವ ತನಕ ಎಲ್ಲರೂ ಹರ್ಷದಲ್ಲಿದ್ದರು. ಮಾಲ್ಜಾ ಹೊಸ ಬಿಸಿಲುಟೋಪಿ ಹಾಕಿ, ಮೊಣಕೈಗೆ ಗವುಸು ತೊಟ್ಟು, ಸೀಟಿನ ಪ್ಲಾಸ್ಟಿಕ್ ಮೇಲೆ ಸರ್ರನೆ ಜಾರುತ್ತಾ ಕೂತಿದ್ದಳು.

"ಸೇತುವೆ ಬಂದಾಗ ಹೇಳು, ನಿದ್ದೆ ಹತ್ತಿದ್ರೂ ಎಬ್ಬಿಸು" ಎಂದಳು.

ಜೊಂಗ್ತೆ ಕೆಮ್ಮಿದ. "ಅಮ್ಮ, ಸೇತುವೆ ಹತ್ರ ಬೇಡ. ನೇರ ಮಾವನ ಮನೆಗೆ ಹೋಗೋಣ. ಅಂಗಳದಲ್ಲಿ ಇಳಿಸ್ಕೊಡ್ತೀನಿ, ಎರಡು ಸುತ್ತು ಹೊಡಿ. ಎಲ್ಲರೂ ಚಪ್ಪಾಳೆ ತಟ್ತಾರೆ."

ಮಾಲ್ಜಾ ಸೀಟಿನಿಂದ ಮುಂದಕ್ಕೆ ಬಾಗಿದಳು.

"ಅಂಗಳದಲ್ಲಿ ಎರಡು ಸುತ್ತು ಹೊಡಿಯೋಕೆ ನಾನೇನು ಸರ್ಕಸ್ಸಿನ ಕರಡಿನಾ?"

"ಏರಿ ಮೇಲೆ ಹುಡುಗ್ರು ಬಾಣದ ಹಾಗೆ ಬರ್ತಾರೆ ಅಮ್ಮ. ಬಿದ್ದು ಗಿದ್ದು ಆದ್ರೆ? ಎಂಬತ್ತರ ಊಟ ಬಿಟ್ಟು ಎಲ್ಲರೂ ಆಸ್ಪತ್ರೇಲಿ ಕೂರ್ಬೇಕಾ?"

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಮತ್ತೆ ಮೊಳಕೆಕಾಳು!"

"ಮೋಸ ಮಾಡಿದ್ರಲ್ಲ ಅಪ್ಪ" ಎಂದಳು ದಾನ್ಬಿ. ಮಿರಾನ್ ಗಂಡನ ಕಡೆ ತಿರುಗಿ ಏನೋ ಹೇಳಬೇಕೆಂದಿದ್ದವಳು ಮೂಗು ಅರಳಿಸಿದಳು. ಜೊಂಗ್ತೆಯೂ ಅರಳಿಸಿದ. ಹಿಂದಿನಿಂದ ಹುಳಿಯಾದ, ಬೆಳ್ಳುಳ್ಳಿ ಬೆರೆತ, ಯಾರೂ ತಪ್ಪು ತಿಳಿಯಲಾಗದ ಒಂದು ವಾಸನೆ ಮೆಲ್ಲಗೆ ಮುಂದಕ್ಕೆ ಬರುತ್ತಿತ್ತು.

"ಅದು…" ಎಂದ ಜೊಂಗ್ತೆ.

"ಕಿಮ್ಚಿ" ಎಂದಳು ದಾನ್ಬಿ.

ಅಷ್ಟರಲ್ಲಿ ಡಿಕ್ಕಿಯಲ್ಲಿ ಟಪ್ಪೆಂದು ಸದ್ದಾಯಿತು. ಜೊಂಗ್ತೆ ಬಸ್ ನಿಲ್ದಾಣ ತಪ್ಪಿಸಿಕೊಂಡವನಂತೆ ಬ್ರೇಕ್ ಒತ್ತಿ, ಏರಿಯ ಪಕ್ಕದ ಮಣ್ಣುಜಾಗಕ್ಕೆ ಕಾರು ತಿರುಗಿಸಿದ. ಇಳಿದು ಓಡಿದ. ಡಿಕ್ಕಿಯ ಮುಚ್ಚಳಕ್ಕೆ ಕೈ ಹಾಕಿದ. ಎಲ್ಲಿಯ ಮುಚ್ಚಳ? ಅದರ ಮೇಲೆ ರ್ಯಾಕು, ರ್ಯಾಕಿನ ಮೇಲೆ ಎರಡು ಸೈಕಲ್, ಎಲ್ಲದರ ಮೇಲೆ ಅವನೇ ಜಗ್ಗಿ ಜಗ್ಗಿ ಬಿಗಿದ ಆರು ಪಟ್ಟಿ.

"ಬಿಚ್ಚಿ! ಬೇಗ ಬಿಚ್ಚಿ! ಅಯ್ಯೋ ನನ್ನ ಕಾರ್ಪೆಟ್ಟು!"

ದಾನ್ಬಿ ತನ್ನ ಸೈಕಲ್ ಇಳಿಸಿದಳು, ಮಿರಾನ್ ಅತ್ತೆಯದನ್ನು ಇಳಿಸಿ, ಅಡ್ಡ ಕೊಳವೆ ಬಿಚ್ಚಿ ಗಿಡಕ್ಕೆ ಒರಗಿಸಿದಳು. ಜೊಂಗ್ತೆ ಪಟ್ಟಿ ಬಿಚ್ಚುವಷ್ಟರಲ್ಲಿ ಬೆರಳಿನ ಚರ್ಮ ಕಿತ್ತುಕೊಂಡ. ಡಿಕ್ಕಿ ತೆರೆದರೆ, ಎರಡು ಚೀಲವನ್ನೂ ಒಡೆದು ಮುಚ್ಚಳ ಒಂದು ಮೂಲೆಯಲ್ಲಿ, ಡಬ್ಬಿ ಇನ್ನೊಂದು ಮೂಲೆಯಲ್ಲಿ. ಕೆಂಪು ರಸದಲ್ಲಿ ಮೂಲಂಗಿ ಸೊಪ್ಪು ತೇಲುತ್ತಿತ್ತು. ಕಡುಬಿನ ಪೆಟ್ಟಿಗೆ, ಅಂಗಿಯ ಪೆಟ್ಟಿಗೆ ಹೇಗೋ ಬಚಾವಾಗಿದ್ದವು. ಹೊಸ ಕಾರಿನ ವಾಸನೆ ಅವತ್ತಿಗೆ ಮುಗಿಯಿತು.

"ನಾಲ್ಕು ಬೆರಳು ಬಿಡಿ ಅಂದಿದ್ದೆ" ಎಂದಳು ಮಿರಾನ್, ಟವಲ್ ಹಿಂಡುತ್ತಾ. ಅವಳು ತಿರುಗಿ ನೋಡಿದಳು. ಗಿಡಕ್ಕೆ ಒರಗಿಸಿದ್ದ ಕೆಂಪು ಸೈಕಲ್ ಇರಲಿಲ್ಲ.

"ದಾನ್ಬಿ ಅಪ್ಪ, ಅತ್ತೆ ಎಲ್ಲಿ?"

ಜೊಂಗ್ತೆ ಡಿಕ್ಕಿಯಿಂದ ತಲೆ ಎತ್ತಿದ. ಏರಿಯ ಮೇಲೆ ದೂರದಲ್ಲಿ ಬಿಸಿಲುಟೋಪಿಯೊಂದು ನೆಟ್ಟಗೆ ಸಾಗುತ್ತಿತ್ತು. ಅದರ ಹಿಂದೆ ದಾನ್ಬಿ. ಗಂಟೆಯ ಸದ್ದು ಇಲ್ಲಿಯವರೆಗೂ ಕೇಳಿಸಿತು.

"ಅಮ್ಮಾ!" ಎಂದು ಕೂಗಿದ. ಟೋಪಿ ತಿರುಗಲಿಲ್ಲ. ಅಟ್ಟಿಸಿಕೊಂಡು ಹೋಗೋಣವೆಂದರೆ ಡಿಕ್ಕಿ ಬಾಯಿ ತೆರೆದು ನಿಂತಿದೆ, ರ್ಯಾಕು ನೆಲದ ಮೇಲಿದೆ, ಎರಡು ಕೈಯೂ ಕಿಮ್ಚಿ. ಅವನು ಬಾಯಿಗೆ ಬಂದದ್ದನ್ನೆಲ್ಲ ಅಂದುಕೊಳ್ಳುತ್ತಾ ಒರೆಸಿದ. ಮಿರಾನಳಿಗೆ ನಗು ತಡೆಯಲಾಗಲಿಲ್ಲ. ಅವಳು ನಗುವುದನ್ನು ನೋಡಿ ಅವನಿಗೆ ಇನ್ನೂ ಉರಿಯಿತು.

ಕಾರು ಮತ್ತೆ ಹೊರಟಾಗ ಕಿಟಕಿಗಳೆಲ್ಲ ಕೆಳಗಿದ್ದವು. ರಸ್ತೆ ಏರಿಯ ಕೆಳಗೇ, ಅದರ ಜೊತೆಜೊತೆಗೇ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಸಿಕ್ಕಿದರು. ಜೊಂಗ್ತೆ ಹಾರ್ನ್ ಮೇಲೆ ಕೈ ಇಟ್ಟ.

"ಹೊಡಿಬೇಡಿ" ಎಂದಳು ಮಿರಾನ್. "ಬೆಚ್ಚಿಬಿದ್ರೆ? ಸುಮ್ನೆ ನೋಡಿ."

ಅವನು ನೋಡಿದ. ಅಮ್ಮ ದಾರಿಯ ಬಲ ಅಂಚಿನಲ್ಲಿ ಬೆನ್ನು ನೆಟ್ಟಗಿಟ್ಟು ತುಳಿಯುತ್ತಿದ್ದಳು. ಎದುರಿಗೆ ಹುಡುಗರ ದಂಡು ಬಂದಾಗ ವೇಗ ತಗ್ಗಿಸಿ ಪಕ್ಕಕ್ಕೆ ಸರಿದಳು. ಹೊಲದ ದಾರಿ ಅಡ್ಡ ಬರುವಲ್ಲಿ ಇಳಿದು, ಎಡಬಲ ನೋಡಿ, ಮತ್ತೆ ಹತ್ತಿದಳು. ಜೊಂಗ್ತೆ ಎಷ್ಟೋ ವರ್ಷದಿಂದ ರಸ್ತೆಯಲ್ಲಿ ಜನರನ್ನು ನೋಡುತ್ತಾ ಬಂದವನು. ಯಾರಿಗೆ ತುಳಿಯಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಅವನಿಗೆ ಹೇಳಿಕೊಡಬೇಕಾಗಿಲ್ಲ.

"ಚೆನ್ನಾಗಿ ತುಳೀತಾಳಲ್ಲೇ" ಎಂದ. ಅವನ ಕಣ್ಣು ಮಂಜಾಯಿತು. ಅವನಿಗೆ ಬಹಳ ಹೆಮ್ಮೆಯಾಗಿತ್ತು, ನಾಚಿಕೆಯೂ ಆಗಿತ್ತು.

"ಬೆಳ್ಳುಳ್ಳಿ ಘಾಟಿಗಾ ಕಣ್ಣೀರು?" ಎಂದಳು ಮಿರಾನ್.

"ಹೂಂ, ಬೆಳ್ಳುಳ್ಳಿಗೆ."

ಅಪಾಯದ ದೀಪ ಮಿನುಗಿಸಿಕೊಂಡು, ಬಸ್ಸಿಗೆ ಮುದುಕರು ಹತ್ತುವಾಗ ಕಾಯುವ ತಾಳ್ಮೆಯಿಂದ, ಅವನು ಊರಿನ ತನಕ ಅಮ್ಮನ ಹಿಂದೆಯೇ ಬಂದ. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕೈ ಹೊರಹಾಕಿ, ಮುಂದೆ ಹೋಗಿ ಎಂದು ಸನ್ನೆ ಮಾಡಿದ.

ಮಾನ್ಬೊಕ್‌ನ ಅಂಗಳದಲ್ಲಿ ಚಪ್ಪರ ಹಾಕಿ, ಚಾಪೆ ಹಾಸಿ, ನೆಂಟರು ಕೂತಿದ್ದರು. ಹುಟ್ಟುಹಬ್ಬದ ಮುದುಕ ಇಸ್ತ್ರಿ ಮಾಡಿದ ಬಿಳಿ ರೇಷ್ಮೆ ತೊಟ್ಟು ಜಗಲಿಯ ಮೇಲೆ ಕೂತು, ತಂಗಿ ಇನ್ನೂ ಬರಲಿಲ್ಲವೆಂದು ಯಾರ ಯಾರ ಮೇಲೋ ರೇಗುತ್ತಿದ್ದ. ಆಗ ಗಂಟೆ ಕೇಳಿಸಿತು. ಕೆಂಪು ಸೈಕಲ್ ಬಾಗಿಲು ದಾಟಿ, ಕೋಳಿಗಳನ್ನು ಚೆದುರಿಸಿ, ಜಗಲಿಯ ಮುಂದೆ ಬಂದು ನಿಂತಿತು. ಮಾಲ್ಜಾ ಇಳಿದು ಸ್ಟ್ಯಾಂಡ್ ಹಾಕಿದಳು. ಮುಖ ಕೆಂಪಗಾಗಿತ್ತು, ಟೋಪಿ ಓರೆಯಾಗಿತ್ತು. ಬಗ್ಗಿ ನಮಸ್ಕರಿಸಿದಳು.

"ಅಣ್ಣ, ಬಂದೆ."

ಮಾನ್ಬೊಕ್ ಜಗಲಿಯಿಂದ ಇಳಿದು, ರಬ್ಬರ್ ಚಪ್ಪಲಿ ಮೆಟ್ಟಿ, ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಬ್ರೇಕ್ ಒತ್ತಿ ನೋಡಿದ.

"ಎಲ್ಲಿಂದ ತುಳ್ಕಂಡು ಬಂದೆ?"

"ಸೇತುವೆಗಿಂತ ಆ ಕಡೆಯಿಂದ. ಇನ್ನೂ ದೂರದಿಂದ ಬರ್ತಿದ್ದೆ, ಕಿಮ್ಚಿ ಇನ್ನೂ ಬೇಗ ಉಕ್ಕಿದ್ದಿದ್ರೆ."

"ಯಾರು ಕಲಿಸಿದ್ರು?"

"ನಗರಸಭೆಯವರು."

"ದುಡ್ಡು?"

"ಪುಕ್ಕಟೆ."

"ಪುಕ್ಕಟೆ ಅಂದ್ರೆ ನೀನು ಬಿಡ್ತೀಯಾ" ಎಂದು ಮುದುಕ ಗಹಗಹಿಸಿ ನಕ್ಕ. ಅಂಗಳವೆಲ್ಲ ನಕ್ಕಿತು. ಮಾಲ್ಜಾಳೂ ನಕ್ಕಳು, ನಗುತ್ತಲೇ ಅವಳ ಕಣ್ಣಿಂದ ನೀರು ಬಂತು. ಅಣ್ಣ ಅವಳ ಬೆನ್ನಿನ ಮೇಲೆ ದಪದಪ ಎರಡು ಬಡಿದ.

ಊಟ ಭರ್ಜರಿಯಾಯಿತು. ಕಡುಬು ಖಾಲಿಯಾಯಿತು. ಕಿಮ್ಚಿ ಕಥೆಯನ್ನು ದಾನ್ಬಿ ಮೂರು ಸಲ ಹೇಳಬೇಕಾಯಿತು, ಮೂರನೇ ಸಲ ಅಪ್ಪನ ಅಳುಮುಖವನ್ನೂ ಮಾಡಿ ತೋರಿಸಿದಳು. ಇಳಿ ಮಧ್ಯಾಹ್ನ ಜೊಂಗ್ತೆ ಡಿಕ್ಕಿ ತೊಳೆದು ಒಣಗಿಸಿ, ರ್ಯಾಕನ್ನು ಮತ್ತೆ ಕೂರಿಸಿ ಕೊಕ್ಕೆ ಹಾಕಿದ. ಮರುದಿನ ಬೆಳಗಿನ ಮೊದಲ ಬಸ್ಸು ಅವನದು.

ಆಗ ಅಡುಗೆಮನೆಯಿಂದ ಪಿಲ್ಸೂನ್ ಹೊರಬಂದಳು. ಬೆಳಗಿನಿಂದ ಬೆಂಕಿಯ ಮುಂದೆ ಇದ್ದವಳು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಸೈಕಲ್ಲಿನ ಹತ್ತಿರ ಹೋಗಿ ಹ್ಯಾಂಡಲ್ ಹಿಡಿದಳು.

"ಮಾಲ್ಜಾ, ಒಂದು ಕಿತ ಕೂರ್ಲಾ?"

"ಕೂರಿ ಅತ್ತಿಗೆ."

"ಈ ವಯಸ್ಸಲ್ಲಾ?" ಎಂದು ಮಾನ್ಬೊಕ್ ಜಗಲಿಯಿಂದಲೇ ಗದರಿದ. "ಬಿದ್ದು ಮೂಳೆ ಮುರ್ಕೊಂಡ್ರೆ ಗಂಜಿ ಮಾಡಿ ಹಾಕೋರು ಯಾರು?"

ಪಿಲ್ಸೂನ್ ತಿರುಗಲಿಲ್ಲ. "ನಿಮ್ಮನೆಗೆ ಬಂದಾಗ ನಂಗೆ ಹತ್ತೊಂಬತ್ತು. ಆವಾಗ ಕೇಳಿದ್ರೆ ಬಿಡ್ತಿದ್ರಾ?"

ನೆಂಟರು ಲೋಟಗಳನ್ನು ನೋಡಿಕೊಂಡರು. ಮುದುಕ ಎದ್ದ. ರೇಷ್ಮೆ ತೋಳನ್ನು ಮೇಲಕ್ಕೆ ಮಡಿಸಿ, ಹೆಂಡತಿಯ ಹಿಂದೆ ಹೋಗಿ ನಿಂತು, ಸೀಟನ್ನು ಎರಡೂ ಕೈಯಲ್ಲಿ ಹಿಡಿದ.

"ಹತ್ತು."

"ಬಿಡ್ಬೇಡಿ."

"ಬಿಡಾಕಿಲ್ಲ, ಹತ್ತು."

ಪಿಲ್ಸೂನ್ ಹತ್ತಿದಳು. ಸೈಕಲ್ ವಾಲಿತು, ನೆಟ್ಟಗಾಯಿತು, ಹೊರಟಿತು. ಮಾನ್ಬೊಕ್ ಬಗ್ಗಿಕೊಂಡು ಹಿಂದೆ ಹಿಂದೆ ಓಡಿದ. ಚಪ್ಪಲಿ ಒಂದು ಬಾವಿಯ ಹತ್ತಿರ ಉಳಿಯಿತು, ಇನ್ನೊಂದು ಹುಣಸೆಹಣ್ಣಿನ ಬಣ್ಣದ ದೊಡ್ಡ ಹೂಜಿಗಳ ಹತ್ತಿರ. ಪಿಲ್ಸೂನ್ ಕಿರುಚುತ್ತಿದ್ದಳು, ಮಾಲ್ಜಾ "ಮುಂದೆ ನೋಡಿ ಅತ್ತಿಗೆ, ಚಕ್ರ ನೋಡ್ಬೇಡಿ!" ಎಂದು ಕೂಗುತ್ತಾ ಪಕ್ಕದಲ್ಲಿ ಓಡುತ್ತಿದ್ದಳು. ಚಪ್ಪರದ ಕೆಳಗಿನವರೆಲ್ಲ ಎದ್ದು ನಿಂತಿದ್ದರು. ಜಗಲಿಯ ಮುಂದೆ ಬಂದು ನಿಂತಾಗ ಪಿಲ್ಸೂನಳ ತಲೆಗೂದಲು ಬಿಚ್ಚಿಹೋಗಿತ್ತು. ಅವಳು ಇಳಿಯಲಿಲ್ಲ.

ಜೊಂಗ್ತೆ ಪಟ್ಟಿ ಹಿಡಿದು ಕಾರಿನ ಹಿಂದೆ ನಿಂತಿದ್ದ. ಬಿಸಿಲು ಬೆಟ್ಟದ ಕಡೆ ಇಳಿದಿತ್ತು.

"ಮಾವ, ಸೈಕಲ್ ಕೊಡಿ, ಕಟ್ಬೇಕು. ಹೊತ್ತಾಗತ್ತೆ."

ಮಾನ್ಬೊಕ್ ಏದುಸಿರು ಬಿಡುತ್ತಾ, ಬರಿಗಾಲಲ್ಲಿ, ಸೀಟು ಹಿಡಿದೇ ನಿಂತಿದ್ದ. ಕೈ ಬಿಡಲಿಲ್ಲ.

"ಕಟ್ಟಾದು ಇರ್ಲಿ ತಡಿಯಲಾ" ಎಂದ. "ನಿಮ್ಮತ್ತೆದು ಇನ್ನೂ ಮುಗಿದಿಲ್ಲ."